ಕುಂಕುಮದ ಕೆಳಗಿನ ಎರಡು ಸ್ವಿಚ್ಚುಗಳು

ನನ್ನ ಹಳೆಯ ಜೀಪು ಮೂರನೆಯ ಸಲ ಕೆಸರಿನಲ್ಲಿ ಹೂತು, ಟ್ರ್ಯಾಕ್ಟರ್ ಬಂದು ಎಳೆಯಬೇಕಾಗಿ ಬಂದರೆ ಅದನ್ನು ಮಾರಿಬಿಡಬೇಕು. ಇದು ಹೆಂಡತಿ ಹಾಕಿದ್ದ ಷರತ್ತು. ಮೊದಲೆರಡು ಸಲವೂ ಹೂತದ್ದು ಒಂದೇ ಜಾಗದಲ್ಲಿ, ವರ್ತೂರಿನಲ್ಲಿ ಅವಳ ಅಣ್ಣನ ಮನೆಯ ಹಿಂದೆ, ತರಕಾರಿ ತೋಟಕ್ಕೆ ಹೋಗುವ ದಾರಿಯಲ್ಲಿ. ಎಳೆದದ್ದು ಅವಳಣ್ಣನ ಟ್ರ್ಯಾಕ್ಟರ್. ನಾನೂ ಅವರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. "ಏನ್ ಭಾವ, ಒಲ ಉಳಕ್ಕೆ ಬಂದ್ರಾ?" ಎಂದು ಅವರು ತಮ್ಮ ಬಾಡಿಗೆ ಮನೆಗಳವರೆಲ್ಲ ನಿಂತು ನೋಡುತ್ತಿರುವಾಗಲೇ ಕೇಳಿದ್ದರು. ಮೊದಲನೆಯ ಸಲ ಕೇಳಿದ್ದೋ, ಎರಡನೆಯ ಸಲವೋ ನೆನಪಿಲ್ಲ. ಎರಡೂ ಸಲ ಎಂದುಕೊಂಡರೆ ಅವರಿಗೆ ಅನ್ಯಾಯವೇನೂ ಆಗದು.

ಹಾಗಾಗಿ ಪೀಣ್ಯದ ಒಂದು ಗ್ಯಾರೇಜಿನಲ್ಲಿ, ಕೆಸರಲ್ಲಿ ಜೋಡಿ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಲಾಕರ್ ಹಾಕಿಸಿದೆ, ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು. ಮೆಕ್ಯಾನಿಕ್ ವಿಜಯಪುರದ ಕಡೆಯವರು, ದಾಸರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದರು. ಜಾಕ್ ಮೇಲೆ ಎತ್ತಿದ ಜೀಪಿನ ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ ಪಾಠ ಶುರು ಮಾಡಿದರು.

"ನೋಡ್ರಿ ಸರ, ಒಂದ ಗಾಲಿ ಕೆಸರಾಗ ಜಾರಿತಂದ್ರ ಎಲ್ಲಾ ಓಟ ಅದಕ್ಕ ಹೋಗ್ತದ. ಗಟ್ಟಿ ನೆಲದ ಮ್ಯಾಲಿನ ಗಾಲಿ ಸುಮ್ನ ನಿಂತಿರ್ತದ."

"ವೈಟ್‌ಫೀಲ್ಡಲ್ಲಿ ನಮ್ಮ ಆಫೀಸೂ ಹಂಗೇನೇ," ಎಂದೆ.

"ಲಾಕ್ ಹಾಕಿದ್ರ ಎರಡೂ ಕೂಡೇ ತಿರುಗಬೇಕು. ಒಬ್ಬಾಂವ ಕುಣಿಯೂದು, ಒಬ್ಬಾಂವ ನೋಡೂದು ಬಂದ್. ಮೊದ್ಲ ಹಿಂದಿಂದ ಹಾಕ್ರಿ. ಸಾಲಲಿಲ್ಲಂದ್ರ ಮುಂದಿಂದ. ಮುಂದಿಂದ ಹಾಕಿದ ಮ್ಯಾಲ ಸ್ಟೇರಿಂಗ್ ಬಿಗಿ ಆಗ್ತದ, ಸೀದಾ ಹೋಗ್ರಿ. ತಿರುಗಸೂದಿದ್ರ ಮೊದ್ಲ ಮುಂದಿಂದ ಬಿಡ್ರಿ."

ಅಂದೇ ಡೈರಿಯಲ್ಲಿ ಬರೆದಿಟ್ಟೆ. ಅವರ ಮಾತು ಇಷ್ಟು ಚುರುಕಾಗಿತ್ತೋ, ಬರೆಯುವಾಗ ನಾನೇ ಸಾಣೆ ಹಿಡಿದೆನೋ ಹೇಳಲಾರೆ. ಸ್ಟೇರಿಂಗಿನ ಪಕ್ಕ ಒಂದೇ ಥರದ ಎರಡು ಸ್ವಿಚ್ಚು ಕೂರಿಸಿ, ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ ‘ಮುಂದೆ’, ‘ಹಿಂದೆ’ ಎಂದು ಅವರೇ ಪೆನ್ನಿನಲ್ಲಿ ಬರೆದುಕೊಟ್ಟದ್ದಂತೂ ಖಂಡಿತ.

ಆಯುಧಪೂಜೆಗೆ ವರ್ತೂರಿಗೆ ಹೋದೆವು. ಹಿಂದಿನ ದಿನದ ಮಳೆಗೆ ತೋಟದ ದಾರಿ ಚೆನ್ನಾಗಿ ಕಲಸಿಕೊಂಡಿತ್ತು. ಭಾವನ ಟ್ರ್ಯಾಕ್ಟರ್ ಮಿಂದು, ಬಾಳೆಕಂದು ಕಟ್ಟಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನಂತೆ ನಿಂತಿತ್ತು. ಅದರ ಪಕ್ಕದಲ್ಲೇ ನಮ್ಮ ಜೀಪಿಗೂ ಪೂಜೆಯಾಯಿತು. ಬಾನೆಟ್ಟು, ಚಕ್ರ, ಸ್ಟೇರಿಂಗು ಎಲ್ಲಕ್ಕೂ ಅರಿಶಿನ, ಗಂಧ, ಕುಂಕುಮ. ಹೊಸದಾಗಿ ಮನೆಗೆ ಬಂದ ಲಾಕರ್ ಸ್ವಿಚ್ಚುಗಳನ್ನು ಬಿಡಲಾದೀತೇ? ಅವಕ್ಕೆ ಒಂದು ಕೈ ಹೆಚ್ಚೇ ಬಿತ್ತು. ನಾಲ್ಕು ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾದವು.

"ಹಂಗೇ ತೋಟಕ್ಕೊಂದು ರೌಂಡ್ ಹೋಗ್ಬರ್ತೀನಿ," ಎಂದೆ.

"ಭಾವ, ಇವತ್ತು ಊತ್ಕೊಂಡ್ರೆ ನನ್ನ ಕೇಳ್ಬೇಡಿ. ಪೂಜೆ ಆಗಿರೋ ಟ್ರ್ಯಾಕ್ಟ್ರು, ನಾಳೆವರ್ಗೂ ಕೆಲ್ಸಕ್ಕೆ ಇಳ್ಸಂಗಿಲ್ಲ."

"ನಾಳೆ ಎಳೆದ್ರೂ ಎಳೆದಂಗೇ," ಎಂದಳು ಹೆಂಡತಿ, ಪಕ್ಕದ ಸೀಟಿಗೆ ಹತ್ತುತ್ತಾ.

ಅದೇ ಜಾಗದಲ್ಲಿ ಜೀಪು ಕುಸಿಯಿತು. ಎಡಗಡೆಯ ಚಕ್ರಗಳು ಗಿರಗಿರ ತಿರುಗಿದವು, ಬಲಗಡೆಯವು ಮಿಸುಕಲಿಲ್ಲ. ಒಂದು ಸ್ವಿಚ್ಚು ಒತ್ತಿದೆ. ಟಸ್ ಎಂದು ಲಾಕರಿನ ಗಾಳಿಯ ಸದ್ದು. ಜೀಪು ಗೇಣುದ್ದ ಸರಿಯಿತು. ಇನ್ನೊಂದನ್ನೂ ಒತ್ತಿದೆ. ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿ, ಎಮ್ಮೆ ಕೆರೆಯಿಂದ ಏಳುವ ಹಾಗೆ ಜೀಪು ನಿಧಾನವಾಗಿ ಎದ್ದು ಹೊರಟಿತು. ಹಿಂದೆ ತಿರುಗಿ ಭಾವನ ಮುಖ ನೋಡಬೇಕೆನ್ನಿಸಿತು. ನೋಡದೇ ಇದ್ದದ್ದು ಒಳ್ಳೆಯದಾಯಿತು, ಏಕೆಂದರೆ ದಾರಿ ಬಲಕ್ಕೆ ತಿರುಗುತ್ತಿತ್ತು, ನೇರ ಎದುರಿಗೆ ಭಾವನ ಸೋರೆಕಾಯಿ ಚಪ್ಪರವಿತ್ತು, ಸ್ಟೇರಿಂಗು ಜಪ್ಪಯ್ಯ ಎಂದರೂ ತಿರುಗುತ್ತಿರಲಿಲ್ಲ.

"ರೀ, ಮುಂದಿಂದು ಬಿಡ್ರೀ!" ಎಂದಳು ಹೆಂಡತಿ. ಮೆಕ್ಯಾನಿಕ್ಕಿನ ಪಾಠವನ್ನು ಅವಳಿಗೆ ನಾನೇ ಒಪ್ಪಿಸಿದ್ದೆ.

ಸ್ವಿಚ್ಚಿನ ಕಡೆ ನೋಡಿದೆ. ಪಟ್ಟಿಯೂ ಇಲ್ಲ, ಬರಹವೂ ಇಲ್ಲ, ಕುಂಕುಮದ ಎರಡು ಗುಡ್ಡೆ.

"ಯಾವುದು ಕಣೇ ಅದು?"

"ನಂಗೇನ್ ಗೊತ್ತು? ಬ್ರೇಕಾದ್ರೂ ಹಾಕಿ!"

ಬ್ರೇಕ್ ಹಾಕಿ ಅಲ್ಲಿ ನಿಂತರೆ ಮತ್ತೆ ಹೂತುಹೋಗುವುದು ಖಂಡಿತ, ಆಮೇಲೆ ನಾಳೆ, ಟ್ರ್ಯಾಕ್ಟರ್, ಮಾರಾಟ. ದೇವರ ಮೇಲೆ ಭಾರ ಹಾಕಿ ಒಂದನ್ನು ಬಿಟ್ಟೆ. ಅದು ಹಿಂದಿನದು. ಬಿಗಿ ಹಿಡಿದ ಮುಂದಿನ ಚಕ್ರಗಳು ನಮ್ಮನ್ನು ಮೆಕ್ಯಾನಿಕ್ ಹೇಳಿದಂತೆಯೇ ಸೀದಾ ಚಪ್ಪರದೊಳಕ್ಕೆ ಎಳೆದುಕೊಂಡು ಹೋದವು. ಗಳಗಳು ಮುರಿದವು, ಬಾನೆಟ್ಟಿನ ಮೇಲೆ ಸೋರೆಕಾಯಿ ಬಿದ್ದವು, ಆಚೆಯ ಗಟ್ಟಿ ನೆಲದಲ್ಲಿ ಜೀಪು ನಿಂತಿತು. ನನ್ನ ನೆನಪಿನಲ್ಲಿ ಮುರಿದದ್ದು ಎರಡು ಗಳ. ಭಾವ ಆರು ಎನ್ನುತ್ತಾರೆ.

ಅವರು ಪಂಚೆ ಎತ್ತಿಕಟ್ಟಿಕೊಂಡು ಬಂದು, ನಾಲ್ಕೂ ಚಕ್ರ ನೋಡಿ, ಚಪ್ಪರ ನೋಡಿ ಹೇಳಿದರು: "ಬುಡಿ ಭಾವ, ಟ್ರ್ಯಾಕ್ಟ್ರು ಬೇಕಾಗ್ಲಿಲ್ಲ. ಸೋರೆಕಾಯಿ ಕೀಳಕ್ಕೆ ಆಳೂ ಬೇಕಾಗ್ಲಿಲ್ಲ."

"ಸ್ವಿಚ್ಚಿಗೆ ಅಷ್ಟು ಕುಂಕುಮ ಬಳಿದಿದ್ದು ನಿಮ್ಮ ತಂಗಿ," ಎಂದೆ. ಬಳೆ ತೊಟ್ಟ ಕೈ ಸ್ವಿಚ್ಚಿನ ಮೇಲೆ ಆಡಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಅವಳು ಫೋನು ತೆಗೆದು ಪೂಜೆಯ ಫೋಟೋ ತೋರಿಸಿದಳು. ಸ್ವಿಚ್ಚಿನ ಮೇಲಿದ್ದ ಕೈಗೆ ಬಳೆಯಿರಲಿಲ್ಲ, ನನ್ನ ಗಡಿಯಾರವಿತ್ತು. ಆ ಬಳೆಗಳನ್ನು ನಾನು ಎಲ್ಲಿ ನೋಡಿದೆನೋ ಇವತ್ತಿಗೂ ಗೊತ್ತಿಲ್ಲ.

"ಟ್ರ್ಯಾಕ್ಟರ್ ಎಳೀಲಿಲ್ಲ. ಮಾತು ಅಂದ್ರೆ ಮಾತು. ಜೀಪ್ ಇರ್ಲಿ," ಎಂದಳು. ಒದ್ದೆ ಬಟ್ಟೆಯಿಂದ ಪಟ್ಟಿಗಳನ್ನು ಒರೆಸಿ, ಓದಿ, ನನ್ನ ಕಡೆ ತಿರುಗಿದಳು. "ಇಳೀರಿ. ವಾಪಸ್ ನಾನ್ ಓಡಿಸ್ತೀನಿ. ನೀವು ಸೋರೆಕಾಯಿ ಹಿಡ್ಕೊಳ್ಳಿ."

ನಾನು ಬಂದಿದ್ದ ಚಕ್ರದ ಜಾಡಿನಲ್ಲೇ, ಹಿಂದಿನ ಲಾಕರ್ ಒಂದರಲ್ಲೇ ಅವಳು ಕೆಸರು ದಾಟಿ, ಅದನ್ನೂ ಬಿಟ್ಟು, ಜೀಪನ್ನು ಸಲೀಸಾಗಿ ತಿರುಗಿಸಿ ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿದಳು. ಮುಂದಿನದು ಬೇಕೇ ಆಗಲಿಲ್ಲ. ಡೈರಿಯ ಆ ದಿನದ ಪುಟದಲ್ಲಿ ‘ಜೀಪು ಕೆಸರು ದಾಟಿತು’ ಎಂದಷ್ಟೇ ಇದೆ.