ನಮ್ಮ ಪಡಸಾಲೆಯ ಫಿಲ್ ಫ್ಯಾಕ್ಟರ್

ಯಾವುದಾದರೂ ತುಂಬಿದೆ ಎಂದು ಯಾರಾದರೂ ಹೇಳಿದರೆ ನನಗೆ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಸಿಟಿ ಬಸ್ಸಿನ ಕಂಡಕ್ಟರ್ ಜಾಗವಿಲ್ಲ ಎಂದರೆ, ನಿಂತವರ ಮೊಣಕೈಗಳ ನಡುವೆ ಉಳಿದಿರುವ ಗಾಳಿಯನ್ನು ಮನಸ್ಸಿನಲ್ಲೇ ಅಳೆಯುತ್ತೇನೆ. ಹೆಂಡತಿ ಸುಶೀಲಾ ಚೂಡಾದ ಡಬ್ಬಿಗೆ ಮುಚ್ಚಳ ಹಾಕಲು ಹೋದರೆ, ಅದನ್ನು ಎರಡು ಸಲ ಕಟ್ಟೆಗೆ ಕುಟ್ಟಿ, ನೋಡು, ಇನ್ನೂ ಒಂದು ಹಿಡಿ ಹಿಡಿಯುತ್ತದೆ ಎಂದು ತೋರಿಸುತ್ತೇನೆ. ಅವಲಕ್ಕಿಯೆಲ್ಲ ಪುಡಿಯಾಯಿತು ಎಂದು ಆಕೆ ಡಬ್ಬಿ ಕಸಿದುಕೊಳ್ಳುತ್ತಾಳೆ. ಇದು ನನ್ನ ಹುಟ್ಟುಗುಣವಲ್ಲ, ನೌಕರಿಯಿಂದ ಅಂಟಿದ ಚಟ. ಹೈದರಾಬಾದಿನ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಸಿಲಿನಿಂದ ಕರೆಂಟು ಮಾಡುವ ಸೋಲಾರ್ ಫಲಕಗಳನ್ನು ಪರೀಕ್ಷಿಸುತ್ತ ನನ್ನ ಸರ್ವಿಸ್ ಕಳೆಯಿತು. ಅಲ್ಲಿ ದಿನವೂ ನಾನು ಅಳೆಯುತ್ತಿದ್ದುದರ ಹೆಸರು ಫಿಲ್ ಫ್ಯಾಕ್ಟರ್.

ಈ ಹೆಸರು ಒಬ್ಬರ ಸ್ವತ್ತೇನೂ ಅಲ್ಲ. ಮೋಟಾರು ಕಟ್ಟುವವರಿಗೆ ಅದು ಕಬ್ಬಿಣದ ಸಂದಿನಲ್ಲಿ ತಾಮ್ರದ ತಂತಿ ಎಷ್ಟು ಭಾಗ ಕೂತಿದೆ ಎಂಬ ಲೆಕ್ಕ. ತಂತಿ ದುಂಡಗಿರುತ್ತದೆ, ಮೈಮೇಲೆ ವಾರ್ನಿಷಿನ ಅಂಗಿ ಬೇರೆ. ಹಟ ಹಿಡಿದು ತುರುಕಿದರೆ ಅಂಗಿ ಹರಿದು ಮೋಟಾರೇ ಸುಟ್ಟುಹೋಗುತ್ತದೆ, ಅದಕ್ಕೆ ಒಂದಿಷ್ಟು ಗಾಳಿಯನ್ನು ಗೌರವದಿಂದ ಉಳಿಸಿಕೊಳ್ಳುತ್ತಾರೆ. ಆಕಾಶ ನೋಡುವವರಿಗೆ ಅದು ನಕ್ಷತ್ರಗಳ ನಡುವಿನ ಬಯಲಿನಲ್ಲಿ ಅನಿಲದ ಮೋಡಗಳು ನಿಜವಾಗಿ ಎಷ್ಟು ಜಾಗ ಹಿಡಿದಿವೆ ಎಂಬ ಪ್ರಶ್ನೆ. ಇನ್ನು ಭೌತಶಾಸ್ತ್ರದ ಪಂಡಿತರಂತೂ ಎಲೆಕ್ಟ್ರಾನುಗಳನ್ನು ಗಡಗಡ ನಡುಗುವ ಚಳಿಯಲ್ಲಿ, ಬಲವಾದ ಅಯಸ್ಕಾಂತದ ನಡುವೆ ಅಂತಸ್ತು ಅಂತಸ್ತಾಗಿ ಕೂರಿಸುತ್ತಾರೆ. ಒಂದು ಅಂತಸ್ತು ಪೂರ್ತಿ ತುಂಬಿದಾಗ ಅವುಗಳ ನಡತೆಯಲ್ಲಿ ವಿಚಿತ್ರವಾದ ಶಿಸ್ತು ಬಂದುಬಿಡುತ್ತದಂತೆ. ಮೂರರಲ್ಲಿ ಒಂದು ಪಾಲು ತುಂಬಿದಾಗಲೂ ಅದೇ ಶಿಸ್ತು. ಇದನ್ನು ಓದಿದ ದಿನ ನನಗೆ ಎಲೆಕ್ಟ್ರಾನುಗಳ ಮೇಲೆ ಹೊಟ್ಟೆಕಿಚ್ಚಾಯಿತು. ನಮ್ಮ ಮನೆ ತುಂಬಿದ್ದ ಕಾಲದಲ್ಲಿ ಶಿಸ್ತು ಎಂಬುದು ಸ್ನಾನದ ಮನೆಯ ಮುಂದಿನ ಸಾಲಿನಲ್ಲೂ ಇರಲಿಲ್ಲ.

ಮನೆ ಇದ್ದದ್ದು, ಈಗಲೂ ಇರುವುದು, ಅಮೀರ್‌ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ. ಮದುವೆಗೆ ಮುಂಚೆ ಸುಶೀಲಾ ಗುಲ್ಬರ್ಗದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಹೈದರಾಬಾದಿಗೆ ಬಂದ ಮೇಲೆ ಸುತ್ತಮುತ್ತ ನೋಡಿದಳು. ಬೀದರ, ರಾಯಚೂರು, ಗುಲ್ಬರ್ಗ ಕಡೆಯ ಮನೆಗಳು ಸಾಕಷ್ಟಿದ್ದವು. ಮಕ್ಕಳು ಅಜ್ಜಿಯ ಜೊತೆ ಕನ್ನಡ, ಗಲ್ಲಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ ಮಾತಾಡುತ್ತಿದ್ದವು. ಕನ್ನಡ ಓದಲು ಮಾತ್ರ ಒಂದಕ್ಕೂ ಬರುತ್ತಿರಲಿಲ್ಲ. ಸುಶೀಲಾ ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಪಾಠ ಶುರು ಮಾಡಿದಳು. ಫೀಸು ಇಲ್ಲ, ಪರೀಕ್ಷೆ ಇಲ್ಲ, ಕೊನೆಗೆ ಒಂದೊಂದು ಬೆಸನ್ ಉಂಡೆ. ನಾನು ಅಂಗಡಿಗಳ ಬೋರ್ಡು ಓದಿಸು ಎಂದು ಸಲಹೆ ಕೊಟ್ಟೆ. ಕನ್ನಡದ ಬೋರ್ಡು ಊರಲ್ಲೆಲ್ಲಿದೆ ಎಂದು ಆಕೆ ಕೇಳಿದಳು.

ಉತ್ತರ ಆಕೆಗೇ ಹೊಳೆಯಿತು. ಒಂದು ಭಾನುವಾರ ಮಕ್ಕಳನ್ನೆಲ್ಲ ಕಾಚಿಗೂಡ ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ಪ್ಲಾಟ್‌ಫಾರ್ಮ್ ಟಿಕೆಟ್ ಕೊಳ್ಳಲು ನಾನೂ ಹೋದೆ. ಕರ್ನಾಟಕದ ಕಡೆಗೆ ಹೊರಟ ರೈಲಿನ ಡಬ್ಬಿಗಳ ಮೇಲೆ ಊರಿನ ಹೆಸರು ಕನ್ನಡದಲ್ಲೂ ಬರೆದಿರುತ್ತಿತ್ತು. ಮಕ್ಕಳು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಓಡುತ್ತ ಅದೇ ಹೆಸರನ್ನು ಪ್ರತಿ ಸಲವೂ ಹೊಸದಾಗಿ ಕಂಡವರಂತೆ ಕೂಗಿ ಓದಿದವು. ಎಲ್ಲರಿಗಿಂತ ಮುಂದೆ ಓಡಿದವಳು ಪಕ್ಕದ ಮನೆಯ ಭಾರತಿ. ಟಿಕೆಟ್ ತಪಾಸಣೆಯವನು ಹತ್ತಿರ ಬಂದು, ಯಾರನ್ನು ಕಳಿಸಲು ಬಂದಿರಿ ಎಂದು ತೆಲುಗಿನಲ್ಲಿ ಕೇಳಿದ.

"ಯಾರನ್ನೂ ಕಳಸಾಕ ಬಂದಿಲ್ರಿ, ಓದಾಕ ಬಂದೀವಿ" ಎಂದು ಸುಶೀಲಾ ಖುಷಿಯ ಭರದಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಳು. ಅವನಿಗೆ ಏನು ತಿಳಿಯಿತೋ, ತಲೆ ಅಲ್ಲಾಡಿಸುತ್ತ ಮುಂದೆ ಹೋದ. ಆಕೆ ಅಷ್ಟು ನಕ್ಕದ್ದನ್ನು ಆಮೇಲೆ ನಾನು ಹೆಚ್ಚು ಸಲ ನೋಡಲಿಲ್ಲ.

ಅಷ್ಟರಲ್ಲಿ ಸಾಫ್ಟ್‌ವೇರಿನ ಸುಗ್ಗಿ ಶುರುವಾಯಿತು. ಅಮೀರ್‌ಪೇಟೆಯಲ್ಲಿ ಗೋಡೆ ಕಾಣದ ಹಾಗೆ ಕೋಚಿಂಗ್ ಬೋರ್ಡುಗಳು ಎದ್ದವು. ಸುಶೀಲಾಳ ಅಕ್ಕನ ಮಗ ಪ್ರಕಾಶ, ಎಂಜಿನಿಯರಿಂಗ್ ಮುಗಿಸಿದವನು, ರಾಯಚೂರಿನಿಂದ ಚೀಲ ಹೊತ್ತು ಬಂದ.

"ಮೌಶಿ, ಸಣ್ಣ ಕೋರ್ಸ್ ಐತಿ. ಹಾಸ್ಟೆಲ್ ನೋಡಾಕತ್ತೀನಿ" ಎಂದ.

"ಮನಿ ಇದ್ದಾಗ ಹಾಸ್ಟೆಲ್ ಯಾಕೋ?" ಎಂದಳು ಆಕೆ.

ಈ ಪ್ರಶ್ನೆ ಬಹಳ ದೂರದವರೆಗೆ ಕೇಳಿಸಿತೆಂದು ಕಾಣುತ್ತದೆ. ಪ್ರಕಾಶನ ಹಿಂದೆ ಅವನ ಗೆಳೆಯ ಬಂದ, ಗೆಳೆಯನ ತಮ್ಮ ಬಂದ, ತಮ್ಮನ ರೂಮ್‌ಮೇಟ್ ಬಂದ. ಒಬ್ಬ ಹೋದರೆ ಅವನ ಗಾದಿ ಆರುವ ಮೊದಲೇ ಇನ್ನೊಬ್ಬ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆಯ ಹುಡುಗರು, ರೊಟ್ಟಿ ಚೆನ್ನಾಗಿದೆ ಎಂದು ಬಾಯಿ ತುಂಬ ಹೇಳುತ್ತಿದ್ದರು. ಯಾರಿಗಾದರೂ ನೌಕರಿ ಸಿಕ್ಕರೆ ಮಕ್ಕಳಿಲ್ಲದ ನಾವಿಬ್ಬರೂ ನಮ್ಮದೇ ಮಗ ಗೆದ್ದ ಹಾಗೆ ಗಲ್ಲಿಗೆಲ್ಲ ಪೇಡೆ ಹಂಚುತ್ತಿದ್ದೆವು. ಪ್ರಕಾಶ ಒಂದು ದಿನ, ಪಡಸಾಲೆಯಲ್ಲಿ ಗಾದಿಗಳ ನಡುವೆ ಕಾಲು ಚಾಚಲೂ ಜಾಗವಿಲ್ಲದೆ ಗೋಡೆಗೆ ಒರಗಿ, ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದ. ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸುವಾಗ ಪ್ರತಿ ಪುಟದಲ್ಲೂ ಸ್ವಲ್ಪ ಜಾಗ ಖಾಲಿ ಬಿಡಬೇಕು, ಮುಂದೆ ಬರುವ ಮಾಹಿತಿ ಅಲ್ಲಿ ಕೂರಬೇಕಲ್ಲ, ಅದಕ್ಕೂ ಫಿಲ್ ಫ್ಯಾಕ್ಟರ್ ಅಂತಲೇ ಹೆಸರು. ನನ್ನ ಶಬ್ದ ಇವನ ಬಾಯಲ್ಲೂ ಬಂತಲ್ಲ ಎಂದು ಹಿಗ್ಗಿದೆ. ಅರ್ಥ ಮಾತ್ರ ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಮಕ್ಕಳು ಬಂದರೆ ಪಡಸಾಲೆಯಲ್ಲಿ ಹುಡುಗರು ಇನ್ನೂ ಮುಸುಕು ಹೊದ್ದು ಮಲಗಿರುತ್ತಿದ್ದರು. ವಾರವೆಲ್ಲ ದುಡಿದವರನ್ನು ಎಬ್ಬಿಸಲು ಸುಶೀಲಾಗೆ ಮನಸ್ಸಾಗಲಿಲ್ಲ. ಪಾಠ ಅಡುಗೆಮನೆಗೆ ಹೋಯಿತು. ಅಲ್ಲಿ ಒಗ್ಗರಣೆಯ ಘಾಟಿಗೆ ಮಕ್ಕಳು ಕೆಮ್ಮಿದವು. ಮಾಳಿಗೆಗೆ ಹೋಯಿತು, ಅಲ್ಲಿ ಬಿಸಿಲು. ಒಂದೊಂದೇ ಮಗು ಬರುವುದು ಬಿಟ್ಟಿತು. ಕೊನೆಗೆ ಭಾರತಿ ಒಬ್ಬಳೇ ಬಂದು, ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿಗಳನ್ನು ನೋಡಿ, ಮುಂದಿನ ವಾರ ಬರ್ತೀನಿ ಎಂದು ಹೋದವಳು ಮತ್ತೆ ಬರಲಿಲ್ಲ. ಶಾಲೆ ನಿಂತಿತೆಂದು ಯಾರೂ ಸಾರಲಿಲ್ಲ. ಈ ಹುಡುಗರೊಮ್ಮೆ ಹೋಗಲಿ, ಮತ್ತೆ ಶುರು ಮಾಡುತ್ತೇನೆ ಎಂದು ಸುಶೀಲಾ ಹೇಳುತ್ತಲೇ ಇದ್ದಳು.

ಹುಡುಗರು ಹೋದರು. ಸಾಫ್ಟ್‌ವೇರ್ ಕಂಪನಿಗಳಿರುವ ಮಾದಾಪುರದ ಆಚೆ ಫ್ಲ್ಯಾಟು ಕೊಂಡರು, ಗೃಹಪ್ರವೇಶಕ್ಕೆ ನಮಗೆ ಸೀರೆ, ಶಲ್ಯ ಕೊಟ್ಟರು. ಪಡಸಾಲೆ ಬಯಲಾಯಿತು. ಸುಶೀಲಾ ಚಾಪೆ ಕೊಡವಿಟ್ಟು ಗಲ್ಲಿಯ ಮನೆಮನೆಗೆ ಹೋದಳು. ಹಳೆಯ ಕುಟುಂಬಗಳು ಎಷ್ಟೋ ಬಿಟ್ಟುಹೋಗಿದ್ದವು. ಉಳಿದ ಒಬ್ಬ ತಾಯಿ ಚಹಾ ಕೊಟ್ಟು ಕೂರಿಸಿ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಹಿಂದಿ, ತೆಲುಗು, ಇಂಗ್ಲಿಷ್, ಇಷ್ಟಕ್ಕ ಕೂಸು ಭಾಳ ದಣದೈತಿ. ಕನ್ನಡ ಎಲ್ಲಿ ತುರುಕೂದ್ರಿ?" ಎಂದಳು. ಸುಶೀಲಾ ಬೇಸರ ಮಾಡಿಕೊಳ್ಳಲಿಲ್ಲ. ಮನೆಗೆ ಬಂದು ಚಾಪೆ ಸುತ್ತಿ ಮೂಲೆಗಿಟ್ಟಳು, ಅಷ್ಟೇ.

ಈಗ ನನ್ನ ಸೋಲಾರ್ ಫಲಕದ ಸಂಗತಿ ಹೇಳುತ್ತೇನೆ, ಬೇಸರವಿಲ್ಲದೆ ಕೇಳಿ. ಫಲಕಕ್ಕೆ ಏನನ್ನೂ ಜೋಡಿಸದೆ ಬಿಸಿಲಿಗಿಟ್ಟರೆ ವೋಲ್ಟೇಜು ತುಂಬ ಇರುತ್ತದೆ, ಕರೆಂಟು ಮಾತ್ರ ಸೊನ್ನೆ. ಎರಡು ತುದಿಗಳನ್ನು ನೇರ ಕೂಡಿಸಿಬಿಟ್ಟರೆ ಕರೆಂಟು ತುಂಬ, ವೋಲ್ಟೇಜು ಸೊನ್ನೆ. ಕೆಲಸವಾಗಬೇಕಾದರೆ ಎರಡೂ ಬೇಕು, ಹಾಗಾಗಿ ಎರಡು ಕಡೆಯೂ ಒಂದು ದೀಪ ಕೂಡ ಹತ್ತುವುದಿಲ್ಲ. ನಡುವೆ ಎಲ್ಲೋ ಒಂದು ಬಿಂದು ಇದೆ. ಅಲ್ಲಿ ಅದೂ ಪೂರ್ತಿ ಇಲ್ಲ, ಇದೂ ಪೂರ್ತಿ ಇಲ್ಲ, ಆದರೆ ದೀಪ ಚೆನ್ನಾಗಿ ಉರಿಯುತ್ತದೆ. ಎರಡೂ ಪೂರ್ತಿ ಸಿಕ್ಕಿದ್ದರೆ ಆಗಬಹುದಾಗಿದ್ದ ಕೆಲಸದಲ್ಲಿ ಎಷ್ಟು ಪಾಲು ಆ ಬಿಂದುವಿನಲ್ಲಿ ಕೈಗೆ ಬರುತ್ತದೆ ಎಂಬುದೇ ನಮ್ಮ ಫಿಲ್ ಫ್ಯಾಕ್ಟರ್. ಎಂಥ ಫಲಕದಲ್ಲೂ ಅದು ಪೂರ್ತಿ ಒಂದು ಆಗುವುದಿಲ್ಲ.

ಮಕ್ಕಳಿದ್ದಾಗ ಜಾಗವಿರಲಿಲ್ಲ, ಜಾಗವಾದಾಗ ಮಕ್ಕಳಿಲ್ಲ. ನಡುವಿನ ಬಿಂದು ಎಲ್ಲಿತ್ತೆಂದು ಈಗ ಯೋಚಿಸಿದರೆ, ಅದು ಕೈಗೆಟುಕುವಷ್ಟು ಹತ್ತಿರವಿತ್ತು. ಭಾನುವಾರ ಒಂದು ಹೊತ್ತು ಗಾದಿ ಮಡಚಿಡಿ ಎಂದರೆ ಆ ಹುಡುಗರು ನಗುನಗುತ್ತ ಮಡಚುತ್ತಿದ್ದರು, ಒಬ್ಬಿಬ್ಬರು ಮಕ್ಕಳ ಪಕ್ಕದಲ್ಲಿ ಕೂತು ತಿದ್ದಿಸುತ್ತಲೂ ಇದ್ದರೇನೋ. ನಮಗೆ ಹಾಗೆ ಕೇಳಬಹುದೆಂದೇ ಹೊಳೆಯಲಿಲ್ಲ. ಮನೆ ತುಂಬಿದೆ ಎಂಬ ಸಂತೋಷ ಅಷ್ಟಿತ್ತು. ಆಕೆಗೆ ಬೇಕಾಗಿದ್ದ ಒಂದೇ ಒಂದು ಕೆಲಸ ಆ ಸಂತೋಷದ ಅಡಿಯಲ್ಲಿ ಹೂತುಹೋಯಿತು.

ಹೋದ ತಿಂಗಳು ಭಾರತಿ ಬಂದಿದ್ದಳು. ಈಗ ದೊಡ್ಡ ಆಫೀಸಿನಲ್ಲಿ ನೌಕರಿ, ಜೊತೆಗೆ ಪುಟ್ಟ ಮಗಳು. ಸುಶೀಲಾ ಚಾಪೆ ಹಾಸಿ, "ಬಾರವ್ವಾ, ಹೆಸರೇನ ನಿಂದು?" ಎಂದರೆ ಮಗು ತಾಯಿಯ ಹಿಂದೆ ಅಡಗಿತು. ಭಾರತಿ ಪೆಚ್ಚಾದಳು. "ಅಕ್ಕೋರ, ಅವರಪ್ಪಂದು ತೆಲುಗು. ನನಗೂ ಓದೂದು ಮರ್ತ ಹೋಗೇತ್ರಿ" ಎಂದಳು. ಹೊರಗೆ ಹೇಗಾದರೂ ಇರಲಿ, ಹೊಸ್ತಿಲ ಒಳಗೆ ಸುಶೀಲಾ ಇಷ್ಟು ವರ್ಷದಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಿದವಳಲ್ಲ. ಆಕೆ ಈಗ ಕೈ ಚಾಚಿ, ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ, "ಇಲಾ ರಾ ಬಂಗಾರಂ, ನೀ ಪೇರೇಂಟಿ?" ಎಂದಳು.

ಮಗು ಹೊರಬಂತು. ತನ್ನ ಹೆಸರು, ಗೆಳತಿಯರ ಹೆಸರು, ಬಿದ್ದ ಹಲ್ಲಿನ ಕಥೆ, ಎಲ್ಲವನ್ನೂ ಆಕೆಯ ತೊಡೆಯ ಮೇಲೆ ಕೂತು ತೆಲುಗಿನಲ್ಲಿ ಹೇಳಿತು. ಸಂಜೆಯವರೆಗೆ ಪಡಸಾಲೆಯಲ್ಲಿ ಗದ್ದಲ.

ಅವರು ಹೋದ ಮೇಲೆ ನಾನು ನನ್ನ ಕುರ್ಚಿಯಿಂದಲೇ, "ಏನ ಸುಶೀಲಾ, ಮನ್ಯಾಗೂ ತೆಲುಗು ಶುರು ಮಾಡಿದಿ?" ಎಂದು ಕೆಣಕಿದೆ.

ಆಕೆ ಚಾಪೆ ಸುತ್ತುತ್ತ ಹೇಳಿದಳು: "ಮತ್ತ ಕನ್ನಡ ಯಾರ ಜೋಡಿ ಮಾತಾಡ್ಲಿ? ನೀವಂತೂ ಇಡೀ ದಿನ ಪೇಪರ್ ಓದ್ತೀರಿ."

ನಾನು ಪೇಪರ್ ಮಡಚಿ ಕೆಳಗಿಟ್ಟೆ. ಆಮೇಲೆ ಆಕೆಯನ್ನು, ಆ ಮಗು ತನ್ನ ಹೆಸರು ಏನೆಂದು ಹೇಳಿತು ಎಂದು ಕೇಳಿದೆ.