ಹಿಟ್ಟಿಗೆ ಹೊದೆಸಿದ ರಜಾಯಿ

ಹಾಲು ಕಾಸಿದ್ದು, ಮಗಳಿಗೆ ಟಿಫಿನ್ ಕಟ್ಟಿದ್ದು, ಟೆರೇಸಿನಲ್ಲಿ ಎರಡು ರಜಾಯಿಗಳನ್ನು ಬಿಸಿಲಿಗೆ ಹರಡಿದ್ದು, ಗಾಡಿಯ ಭಯ್ಯಾನಿಂದ ಮೂಲಂಗಿ ಕೊಂಡದ್ದು, ಮೆಂತ್ಯ ಸೊಪ್ಪು ಬಿಡಿಸಲು ಕೂತದ್ದು. ಆ ಶನಿವಾರ ಇಷ್ಟಾಗುವ ಹೊತ್ತಿಗೆ ಪೀತಮ್‌ಪುರದಿಂದ ಭಾವ ಬಂದರು. ಚಾ ಕೊಟ್ಟೆ.

ಭಾವ ಅಂದರೆ ಇವರ ಅಣ್ಣ. ಅವರದ್ದು ಅಲ್ಲಿನ ಮಾರ್ಕೆಟ್ಟಿನಲ್ಲಿ ಒಂದು ಸಣ್ಣ ಇಡ್ಲಿ-ದೋಸೆ ಹೋಟೆಲು. ಅಡುಗೆಮನೆಯ ನೆಲದಿಂದ ನೀರು ಕೆಳಗಿನ ಬಟ್ಟೆ ಅಂಗಡಿಗೆ ಸೋರತೊಡಗಿದ ಮೇಲೆ, ಮೊಟ್ಟಮೊದಲ ಸಲ ಬೀಗ ಹಾಕಿ ನೆಲ ಅಗೆಸಿದ್ದರು. ಇವರು ನೋಯ್ಡಾದಲ್ಲಿ ಟವರು ಕಟ್ಟುವ ಕಂಪನಿಯಲ್ಲಿ ಪ್ಲಾನಿಂಗ್ ಇಂಜಿನಿಯರ್. ಯಾವ ಕೆಲಸದ ನಂತರ ಯಾವುದು, ಎಷ್ಟು ಖರ್ಚಿನಲ್ಲಿ, ಎಂದು ಗೊತ್ತುಮಾಡುವುದೇ ಇವರ ಉದ್ಯೋಗ. ಹೋಟೆಲಿನ ರಿಪೇರಿಗೆ ತಮ್ಮ ಹಾಕಿಕೊಟ್ಟ ವೇಳಾಪಟ್ಟಿಯನ್ನು ನಂಬಿ ಭಾವ ಪಕ್ಕದ ಗಲ್ಲಿಯ ಮದುವೆ ಮನೆಗೆ ಭಾನುವಾರ ಬೆಳಗಿನ ಇಡ್ಲಿ ಒಪ್ಪಿಕೊಂಡಿದ್ದರು. ಹೋಟೆಲು ಇನ್ನು ತೆರೆಯುವುದಿಲ್ಲವಂತೆ ಎಂಬ ಸುದ್ದಿ ಆಗಲೇ ಮಾರ್ಕೆಟ್ಟಿನಲ್ಲಿ ಹಬ್ಬಿತ್ತು. ಇಡ್ಲಿ ಹೊತ್ತಿಗೆ ಸರಿಯಾಗಿ ಹೋದರೆ ಆ ಮಾತು ನಿಲ್ಲುತ್ತಿತ್ತು. ಹೋಗದಿದ್ದರೆ ಅದೇ ನಿಜವೆಂದಾಗುತ್ತಿತ್ತು.

ವೇಳಾಪಟ್ಟಿ ರೋಹಿಣಿ ಬಡಾವಣೆಯ ನಮ್ಮ ಮನೆಯ ಫ್ರಿಜ್ಜಿನ ಮೇಲಿತ್ತು. ಉದ್ದಗಿಡ್ಡ ಬಣ್ಣದ ಪಟ್ಟಿಗಳು. ಚಪಾತಿ ಲಟ್ಟಿಸುತ್ತಾ ದಿನಾ ಒಂದಲ್ಲ ಒಂದು ಕೇಳುವುದು ನನಗೆ ಅಭ್ಯಾಸವಾಗಿತ್ತು.

"ಈ ಹಳದಿ ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲವಲ್ಲ?"

"ಅದು ಕಾಯುವುದು. ನೆಲಕ್ಕೆ ನೀರು ಬಿಟ್ಟು ಸುಮ್ಮನಿರಬೇಕು. ಸಿಮೆಂಟು ಗಟ್ಟಿಯಾಗಬೇಡವಾ?"

ಸುಮ್ಮನಿರುವುದನ್ನೂ ಕೆಲಸವೆಂದು ಬಣ್ಣ ಹಚ್ಚಿ ಬರೆಯುತ್ತಾರೆ! ನನಗೆ ಅದು ಬಹಳ ಹಿಡಿಸಿತು. ಛಠ್ ಹಬ್ಬಕ್ಕೆ ಊರಿಗೆ ಹೋದ ಗಾರೆಯವರು ತಡವಾಗಿ ಬಂದರೆ ಎಂದು, ಚಳಿಗಾಲದ ಗಾಳಿಯಲ್ಲಿ ಹೊಗೆ ಹೆಚ್ಚಿ ಸರಕಾರ ಕಟ್ಟಡದ ಕೆಲಸ ನಿಲ್ಲಿಸಿದರೆ ಎಂದು, ಅದರಲ್ಲಿ ಬಿಡುವಿನ ದಿನಗಳೂ ಇದ್ದವು. ಭಾವ ಕಪ್ಪು ಗ್ರಾನೈಟಿನ ಕಟ್ಟೆ ಬೇಕೆಂದಾಗ ಇವರು, "ಕಲ್ಲಿನ ದುಡ್ಡು ಮಾತ್ರ ಅಲ್ಲ ಅಣ್ಣ, ಅದು ಬರುವವರೆಗೆ ಬಾಗಿಲು ಮುಚ್ಚಿರ್ತದಲ್ಲ, ಅದೂ ಖರ್ಚೇ" ಎಂದಿದ್ದರು. ಭಾವ ಗ್ರಾನೈಟು ಬಿಟ್ಟರು.

ಶನಿವಾರ ಉಳಿದದ್ದು ಕೊನೆಯ ಎರಡು ಪಟ್ಟಿ. ಸಂಜೆ ಗ್ರೈಂಡರಿಗೆ ಕರೆಂಟು, ಮರುದಿನ ಬೆಳಿಗ್ಗೆ ಹೋಟೆಲು. ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದೇ ಬೆರಳಿಟ್ಟು ನೋಡಿದೆ.

"ರೀ, ಇಲ್ಲಿ ರುಬ್ಬುವುದು. ಇಲ್ಲಿ ಇಡ್ಲಿ. ನಡುವೆ ಹಿಟ್ಟು ಹುಳಿ ಬರುವುದಕ್ಕೆ ಯಾವ ಬಣ್ಣ ಹಾಕಿದ್ದೀರಿ?"

ಇವರು ಅಣ್ಣನ ಮುಖ ನೋಡಿದರು.

"ಹಿಟ್ಟಿಗೇನು, ಇದ್ದೇ ಇರ್ತದಲ್ಲ," ಎಂದರು ಭಾವ. "ನಿನ್ನೆಯದ್ದು."

ಹೇಳಿದ ಮೇಲೆ ಅವರ ಚಾದ ಲೋಟ ಅಲ್ಲೇ ನಿಂತಿತು. ಹೋಟೆಲು ಶುರುವಾದಂದಿನಿಂದ ಅವರಿಗೆ ನಿನ್ನೆಯ ಹಿಟ್ಟು ಇಲ್ಲದ ಬೆಳಗೇ ಇರಲಿಲ್ಲ. ಅಡುಗೆಯವರು ಊರಿಗೆ ಹೋಗಿದ್ದರು, ರಾತ್ರಿಯ ರೈಲಿಗೆ ಬರುವವರು. ಸಂಜೆ ಹೋಟೆಲಿನಲ್ಲಿ ರುಬ್ಬಿದರೆ ಡಿಸೆಂಬರಿನ ಚಳಿಗೆ ಬೆಳಿಗ್ಗೆ ಹಿಟ್ಟು ಏಳುವುದಿಲ್ಲ.

"ರೆಡಿ ಹಿಟ್ಟಿನ ಪ್ಯಾಕೆಟ್ ಸಿಗ್ತದಲ್ಲ ಅಣ್ಣ," ಎಂದರು ಇವರು, ಸಣ್ಣ ದನಿಯಲ್ಲಿ.

"ಹೌದು ಮಾರಾಯ. ನೀನೂ ನಿನ್ನ ಸೈಟಿಗೆ ಬೇರೆಯವರ ಗೋಡೆ ತಂದು ನಿಲ್ಲಿಸು, ನೋಡುವ!"

ಮಾತು ಬೆಳೆಯುವ ಮೊದಲೇ ನಾನು ಬಿಸಿನೀರಿಟ್ಟೆ. ಉಗುರುಬೆಚ್ಚಗಿನ ನೀರಿನಲ್ಲಿ ಅಕ್ಕಿ, ಉದ್ದು ನೆನೆಹಾಕಿ ಮಧ್ಯಾಹ್ನವೇ ಮನೆಯ ಗ್ರೈಂಡರಿಗೆ ಕೂತೆವು. ಅದೋ ಪುಟ್ಟದು, ಎಷ್ಟು ಸಲ ತುಂಬಿ ತೆಗೆದರೂ ಮುಗಿಯದು. ಇವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, "ಉಬ್ಬುವುದಕ್ಕೆ ಇಷ್ಟೇ ಹೊತ್ತು ಅಂತ ಇರ್ತದಾ?" ಎಂದು ಕೇಳಿದರು. ಈ ಸಲ ಪ್ರಶ್ನೆ ಅವರದ್ದು.

"ಅದನ್ನು ಚಳಿಯ ಹತ್ತಿರ ಕೇಳಬೇಕು," ಎಂದೆ.

ಬಿಸಿಲಿನ ಕಾವು ಆರುವ ಮೊದಲು ರಜಾಯಿಗಳನ್ನು ತಂದು ಮೂರು ಪಾತ್ರೆಗಳಿಗೆ ಹೊದೆಸಿದೆವು. ಶಾಲೆಯಿಂದ ಬಂದ ಮಗಳು ಕಿರುಚಿದಳು: "ಅಮ್ಮಾ, ಯೇ ತೋ ಮೇರೀ ರಜಾಯಿ ಹೈ! ನಾನು ಏನು ಹೊದೆಯೋದು?"

"ಸ್ವೆಟರ್ ಹಾಕ್ಕೋ ಪುಟ್ಟಿ," ಎಂದರು ಭಾವ. "ನೀನು ಉಬ್ಬಬೇಕಂತಿಲ್ಲ. ಅದು ಉಬ್ಬಬೇಕು."

ಬೆಳಿಗ್ಗೆ ಮುಚ್ಚಳ ತೆಗೆಯುವಾಗ ಮೂವರೂ ಬಗ್ಗಿದ್ದೆವು. ಎರಡು ಪಾತ್ರೆಗಳಲ್ಲಿ ಹಿಟ್ಟು ಅಂಚಿಗೆ ಬಂದಿತ್ತು. ಬಾಲ್ಕನಿಯ ಬಾಗಿಲ ಬಳಿಯದ್ದು ಮಾತ್ರ ಮಲಗಿದಂತೆಯೇ ಇತ್ತು. ಮೂರನ್ನೂ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಪೀತಮ್‌ಪುರಕ್ಕೆ ಹೋದೆವು. ಉಬ್ಬಿದ್ದು ಇಡ್ಲಿಯಾಗಿ ಹೊತ್ತಿಗೆ ಸರಿಯಾಗಿ ಮದುವೆ ಮನೆ ಸೇರಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಬ್ಬರು ಖಾಲಿ ಬಕೆಟ್ ಹಿಡಿದು ಬಂದು, "ಭಯ್ಯಾ, ಚಟ್ನೀ ಔರ್!" ಎಂದು ಇನ್ನಷ್ಟು ಚಟ್ನಿ ಕೇಳಿದರು. ಭಾವ ಆಗಲೇ ನಕ್ಕದ್ದು. ಉಬ್ಬದ ಹಿಟ್ಟನ್ನು ತೆಳ್ಳಗೆ ದೋಸೆ ಹೊಯ್ದು ಹಳೆಯ ಗಿರಾಕಿಗಳಿಗೆ ಕೊಟ್ಟರು. ಹೊಸ ನೆಲ ನೋಡುವ ನೆಪದಲ್ಲಿ ಸುಮಾರು ಜನ ಬಂದರು.

ಸಂಜೆ ಎಲ್ಲರೂ ನಮ್ಮಲ್ಲೇ ಊಟ. ಶನಿವಾರದಿಂದ ಹಾಗೇ ಉಳಿದಿದ್ದ ಮೆಂತ್ಯ ಸೊಪ್ಪಿನ ಪಲ್ಯ, ಮೂಲಂಗಿ ಹುಳಿ, ಅನ್ನ. ಕೈ ತೊಳೆದು ದಿವಾನ್ ಮಂಚದ ಮೇಲೆ ಒರಗಿದ ಭಾವ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಹೊದ್ದದ್ದು, ಹುಳಿ ಹಿಟ್ಟಿನ ವಾಸನೆ ಬರುತ್ತದೆಂದು ಮಗಳು ಮುಟ್ಟದೆ ಬಿಟ್ಟಿದ್ದ ರಜಾಯಿ.