ಗುರುಪಾದ ಸರ್ ನೋಟ್ಸು

ನವನಗರದ ಶಾಂಭವಿ ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಕೂತದ್ದು ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ. ಓದು ನಿಂತದ್ದು ಮದುವೆಯಾದ ವರ್ಷ. ಪರೀಕ್ಷೆಗೆ ಎರಡು ತಿಂಗಳಿರುವಾಗ ಗಂಡ ಗುರುಪಾದ, “ಮುಂದಿನ ವರ್ಷ ಕೂಡುವಿಯಂತ, ಪರೀಕ್ಷಾ ಎಲ್ಲಿ ಓಡಿಹೋಗತೈತಿ?” ಅಂದಿದ್ದರು. ಆ ಮುಂದಿನ ವರ್ಷ ಬಂದದ್ದು ಅವರು ತೀರಿಕೊಂಡ ಮೇಲೆ.

ಗುರುಪಾದ ಸರ್ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಕಲಿಸುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭ ಅವರ ಖಾಸಾ ವಿಷಯ. ಗಿರಣಿಯಲ್ಲಿ ದುಡಿಯುವ ಮಕ್ಕಳಿಗಾಗಿ ಹೋರಾಡಿದವರು, ವಲಸೆ ಬಂದವರಿಗೆ ಬಾಗಿಲು ಮುಚ್ಚಿದ ಕಾಯ್ದೆಗಳು, ಆಮೇಲೆ ಹೆಂಗಸರ ಮತದಾನದ ಹಕ್ಕು. ಆ ಹಕ್ಕಿನ ಪಾಠ ಬಂದಾಗ ಸರ್ ಮೇಜು ಗುದ್ದಿ ಮಾತಾಡುತ್ತಿದ್ದರಂತೆ. ಅಷ್ಟೊತ್ತಿಗೆ ಇತ್ತ ಶಾಂಭವಿ ರೊಟ್ಟಿ ಬಡಿದು ಮುಗಿಸಿ ಅವರ ನೋಟ್ಸ್ ಬರೆಯಲು ಕೂತಿರುತ್ತಿದ್ದಳು.

ಸರ್ ಬರೆದರೆ ಕಾಗೆಕಾಲು ಗುಬ್ಬಿಕಾಲು, ಶಾಂಭವಿ ಬರೆದರೆ ಮುತ್ತು ಪೋಣಿಸಿದಂತೆ. ಮೊದಮೊದಲು ಬರೀ ನಕಲು. ಬರಬರುತ್ತ ಸರ್ ದಪ್ಪ ಪುಸ್ತಕ ತಂದಿಟ್ಟು ಅಡ್ಡಾಗುತ್ತಿದ್ದರು. ಆಕೆಯೇ ಡಿಕ್ಷನರಿ ಹಿಡಿದು ಓದಿ, ಆಕೆಯೇ ಬರೆಯುತ್ತಿದ್ದಳು. ಮೇಲೆ ‘ಪ್ರೊ. ಗುರುಪಾದ’ ಎಂದು ಬರೆಯುವುದೂ ಆಕೆಯ ಕೆಲಸವೇ. ಝರಾಕ್ಸ್ ಅಂಗಡಿಗಳಲ್ಲಿ ಆ ನೋಟ್ಸ್ ಇವತ್ತಿಗೂ ಸಿಗುತ್ತದೆ. ಸರ್ ಅಕ್ಷರ ಎಷ್ಟು ಚಂದ ಅಂತ ಜನ ಹೊಗಳಿದಾಗ ಸರ್ ನಕ್ಕು ಸುಮ್ಮನಾಗುತ್ತಿದ್ದರು. ಮನುಷ್ಯ ಕೆಟ್ಟವರಲ್ಲ, ಹೇಳಬೇಕು ಅಂತ ಅವರಿಗೆ ಅನಿಸಲೇ ಇಲ್ಲ. ಸಿಟ್ಟು ಬರುವುದು ಅದಕ್ಕೇ.

ಪರೀಕ್ಷೆಯಲ್ಲಿ ಬಂದದ್ದು ೧೯೧೭ರ ವಲಸೆ ಕಾಯ್ದೆ. ಹದಿನಾರು ದಾಟಿದವರು ಯಾವುದಾದರೂ ಭಾಷೆಯಲ್ಲಿ ನಾಲ್ಕು ಸಾಲು ಓದಿ ತೋರಿಸಿದರಷ್ಟೇ ಒಳಗೆ. ಗಂಡನಿಗೆ ಪ್ರವೇಶ ಸಿಕ್ಕರೆ ಹೆಂಡತಿಗೆ ಓದು ಬರದಿದ್ದರೂ ನಡೆಯುತ್ತದೆ. ಈ ವಿನಾಯಿತಿ ಹೇಳಿ ಸರ್ ತರಗತಿಯನ್ನು ನಗಿಸುತ್ತಿದ್ದರು. ಶಾಂಭವಿಗೆ ಎಲ್ಲ ಬಾಯಿಪಾಠ. ಪೆನ್ನು ನಿಲ್ಲಲಿಲ್ಲ.

ಅಷ್ಟರಲ್ಲಿ ಕಾಪಿ ಹಿಡಿಯುವ ಸ್ಕ್ವಾಡಿನ ಜೀಪು ಬಂತು. ಹಿಂದಿನ ಬೆಂಚಿನಿಂದ ಯಾರದೋ ಕಾಲು ಒಂದು ಚೀಟಿಯನ್ನು ಆಕೆಯ ಬೆಂಚಿನಡಿಗೆ ಸರಿಸಿತು. ಮೇಲ್ವಿಚಾರಕ ಏಕನಾಥ ಬಗ್ಗಿ ಎತ್ತಿಕೊಂಡ. ಸಣ್ಣದು ಮಾಡಿಸಿದ ಝರಾಕ್ಸು.

“ಗುರುಪಾದ ಸರ್ ನೋಟ್ಸ್ ರೀ ಇದು. ಇದನ್ನ ಓದೇ ನಾ ಪಾಸಾಗೇನಿ. ಈ ವಯಸ್ಸಿನಾಗ ಇದೇನ್ರಿ, ಅಮ್ಮಾರ?”

“ಚೀಟಿ ನಂದಲ್ರಿ,” ಅಂದಳು ಶಾಂಭವಿ. “ಅಕ್ಷರ ಮಾತ್ರ ನಂದು. ನಾ ಅವ್ರ ಹೆಂಡತಿ. ಅವ್ರ ನೋಟ್ಸ್ ಎಲ್ಲಾ ನಾನ ಬರದೇನಿ.”

ನಲವತ್ತು ವರ್ಷದಲ್ಲಿ ಆ ಮಾತು ಆಕೆಯ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

“ಸರ್ ಅಕ್ಷರ ನಂಗ ಗೊತ್ತಿಲ್ಲೇನ್ರಿ? ಹೋದವ್ರ ಹೆಸರು ನಡುವ ತರಬ್ಯಾಡ್ರಿ.”

ಆಕೆ ಉತ್ತರಪತ್ರಿಕೆಯನ್ನು ಚೀಟಿಯ ಪಕ್ಕಕ್ಕೆ ಸರಿಸಿದಳು. ಅದೇ ಕೊಂಬು, ಅದೇ ಒತ್ತು, ವಾಕ್ಯಗಳೂ ಅವೇ. ಏಕನಾಥ ಬಹಳ ಹೊತ್ತು ನೋಡಿದ. ಅವನ ಮುಖ ಬದಲಾಯಿತು. ನಂಬಿದ ಅಂತ ಶಾಂಭವಿಗೆ ಗೊತ್ತಾಯಿತು, ಜೀವಕ್ಕೆ ತಂಪೆನಿಸಿತು.

ಆದರೆ ಸ್ಕ್ವಾಡಿನ ಅಧಿಕಾರಿ ಬೆನ್ನಹಿಂದೆಯೇ ನಿಂತಿದ್ದ. “ಅಕ್ಷರ ಎರಡೂ ಒಂದ ಐತಿ. ಮತ್ತೇನ್ ಕೇಳೂದೈತಿ? ಬರ್ಕೋರಿ,” ಅಂದ. ಏಕನಾಥ ತಲೆ ತಗ್ಗಿಸಿ ಫಾರಂ ತುಂಬಿದ.

‘ಚೀಟಿಯಲ್ಲಿನ ಬರವಣಿಗೆ ಅಭ್ಯರ್ಥಿಯದೇ ಎಂದು ದೃಢಪಟ್ಟಿದೆ.’ ಇನ್ನು ಮೂರು ವರ್ಷ ಪರೀಕ್ಷೆಗೆ ಕೂಡುವಂತಿಲ್ಲ. ಶಾಂಭವಿ ಬರವಣಿಗೆಯ ಆ ಮೊದಲ ಸಾಲನ್ನು ಎರಡು ಸಲ ಓದಿದಳು. ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮುತ್ತಿನಂಥ ಅಕ್ಷರದಲ್ಲಿ ಸಹಿ ಮಾಡಿದಳು.

“ಇದರದೊಂದು ಝರಾಕ್ಸ್ ಸಿಗತೈತೇನ್ರಿ?”

“ಅಪೀಲ್ ಮಾಡಾಕೇನ್ರಿ?” ಏಕನಾಥ ಮೆಲ್ಲಗೆ ಕೇಳಿದ.

“ಅಲ್ರಿ. ಮನ್ಯಾಗ ಇಡಾಕ. ಆ ನೋಟ್ಸ್ ನಂದು ಅಂತ ಯಾರರ ಬರದು ಕೊಟ್ಟಿದ್ದು ಇದೊಂದ ಐತಿ.”